ಸಣ್ಣ ಕಾಲೇಜು ಗೆದ್ದ ದಿನ: ಅಂತರ ಕಾಲೇಜು ಪಂದ್ಯಾಟ ಮತ್ತು ಊರ ಅಭಿಮಾನದ ಚರಿತ್ರೆ

ದೊಡ್ಡ ತಂಡವನ್ನು ಸಣ್ಣ ತಂಡ ಸೋಲಿಸಿದಾಗ ನಮ್ಮ ಕನ್ನಡ ಪತ್ರಿಕೆಗಳು 'ಅಚ್ಚರಿಯ ಫಲಿತಾಂಶ' ಎಂದೋ 'ಆಘಾತ' ಎಂದೋ ಬರೆಯುತ್ತವೆ. ಉರ್ದುವಿನಲ್ಲಿ ಇದಕ್ಕೆ 'ಉಲಟ್‌ಫೇರ್' ಎಂಬ ಪದವಿದೆ. ಮೇಲಿದ್ದದ್ದು ಕೆಳಗಾಗುವುದು, ಕೆಳಗಿದ್ದದ್ದು ಮೇಲಾಗುವುದು ಎಂದು ಅರ್ಥ. ನನಗೆ ಈ ಪದವೇ ಹೆಚ್ಚು ಇಷ್ಟ. ಆಘಾತವೆಂದರೆ ಸೋತವನ ಕಡೆಯಿಂದ ನೋಡಿದ ಮಾತು. ಉಲಟ್‌ಫೇರ್ ಎಂದರೆ ಇಬ್ಬರ ಕಥೆಯೂ ಅದರಲ್ಲಿ ಬಂತು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಜನರಿಗೆ ಈ ಮಾತು ಹೊಸದಲ್ಲ. ಅಂತರ ಕಾಲೇಜು ಕಬಡ್ಡಿ ಅಥವಾ ವಾಲಿಬಾಲ್ ಪಂದ್ಯಾಟ ಮುಗಿದ ಮರುದಿನ ಬಿ.ಸಿ.ರೋಡ್ ಬಸ್ ನಿಲ್ದಾಣದಲ್ಲಾಗಲಿ, ಗುರುವಾಯನಕೆರೆಯ ಹೋಟೆಲಿನಲ್ಲಾಗಲಿ ಕುಳಿತರೆ ಸಾಕು. "ಮೊದಲ ಸೆಟ್‌ನಲ್ಲೇ ಅವರಿಗೆ ಬೆವರಿಳಿಸಿದ್ದೆವು", "ಆ ರೈಡರ್ ಕಾಲು ಉಳುಕಿಸಿಕೊಳ್ಳದಿದ್ದರೆ ಪ್ರಶಸ್ತಿ ನಮ್ಮದೇ ಇತ್ತು", "ಅವರ ಬಳಿ ಹಾಸ್ಟೆಲ್ ಇದೆ, ಕೋಚ್ ಇದ್ದಾರೆ, ನಮ್ಮ ಬಳಿ ಏನಿದೆ?" ಎಂಬ ಮಾತುಗಳು ಕೇಳಿಬರುತ್ತವೆ. ಹೀಗೆ ಮಾತಾಡುವವರಲ್ಲಿ ಅರ್ಧದಷ್ಟು ಜನ ಆ ಕಾಲೇಜಿನಲ್ಲಿ ಓದಿದವರೇ ಅಲ್ಲ. ಕಾಲೇಜು ಅವರ ಊರಿನಲ್ಲಿದೆ, ಅಷ್ಟೇ. ಈ ಅಭಿಮಾನ ಹುಟ್ಟಿದ ಬಗೆಗೂ ಒಂದು ಚರಿತ್ರೆಯಿದೆ. ವಿದ್ಯಾರ್ಥಿಗಳು ಅದನ್ನು ತಿಳಿದಿರುವುದು ಒಳ್ಳೆಯದು.

ನಾವು ಆಡುವ ಆಟಗಳಲ್ಲಿ ಕಬಡ್ಡಿ ಈ ನೆಲದ್ದು. ಬಾಸ್ಕೆಟ್‌ಬಾಲ್ ಮತ್ತು ವಾಲಿಬಾಲ್ ಹೊರಗಿನಿಂದ ಬಂದವು. ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ 1891ರಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಚಳಿಗಾಲದಲ್ಲಿ ಹುಡುಗರನ್ನು ಒಳಾಂಗಣದಲ್ಲಿ ಆಡಿಸಲು ಹಣ್ಣಿನ ಬುಟ್ಟಿಗಳನ್ನು ಗೋಡೆಗೆ ಕಟ್ಟಿ ಬಾಸ್ಕೆಟ್‌ಬಾಲ್ ಆರಂಭಿಸಿದರು. ನಾಲ್ಕು ವರ್ಷಗಳ ನಂತರ, 1895ರಲ್ಲಿ, ಪಕ್ಕದ ಹೋಲಿಯೋಕ್‌ನಲ್ಲಿ ವಿಲಿಯಂ ಮಾರ್ಗನ್ ವಾಲಿಬಾಲ್ ರೂಪಿಸಿದರು. ಎರಡೂ ವೈ.ಎಂ.ಸಿ.ಎ. ಸಂಸ್ಥೆಯ ಅಂಗಳದಲ್ಲಿ ಹುಟ್ಟಿದ ಆಟಗಳು. ಅದೇ ಸಂಸ್ಥೆಯ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದ್ರಾಸಿನಲ್ಲಿ ದೈಹಿಕ ಶಿಕ್ಷಣದ ಕಾಲೇಜನ್ನು ಸ್ಥಾಪಿಸಿದರು. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದ ಭಾಗವಾಗಿತ್ತು ಎಂಬುದನ್ನು ನೆನಪಿಟ್ಟುಕೊಳ್ಳಬೇಕು.

ಆದರೆ ಆ ಕಾಲದಲ್ಲಿ ಕಾಲೇಜು ಎಂದರೆ ಮಂಗಳೂರು. ಸಂತ ಅಲೋಶಿಯಸ್ ಕಾಲೇಜು 1880ರಲ್ಲೇ ಆರಂಭವಾಗಿತ್ತು. ಹುಡುಗಿಯರಿಗಾಗಿ ಸಂತ ಆಗ್ನೆಸ್ ಕಾಲೇಜು 1921ರಲ್ಲಿ ಬಂತು. ನಮ್ಮ ಕಡೆಗೆ ಕಾಲೇಜು ಬರಲು ಸ್ವಾತಂತ್ರ್ಯ ಬಂದ ಮೇಲೂ ಸುಮಾರು ಇಪ್ಪತ್ತು ವರ್ಷ ಬೇಕಾಯಿತು. ಮೂಡುಬಿದಿರೆಯ ಶ್ರೀ ಮಹಾವೀರ ಕಾಲೇಜು 1965ರಲ್ಲಿ, ಉಜಿರೆಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜು 1966ರಲ್ಲಿ, ಬಂಟ್ವಾಳದ ಶ್ರೀ ವೆಂಕಟರಮಣ ಸ್ವಾಮಿ ಕಾಲೇಜು 1968ರಲ್ಲಿ ಆರಂಭವಾದವು. ಮೂರು ನಾಲ್ಕು ವರ್ಷಗಳ ಒಳಗೆ ಮೂರು ಊರುಗಳಿಗೂ ತಮ್ಮದೆನ್ನುವ ಒಂದೊಂದು ಕಾಲೇಜು, ಅದರ ಹಿಂದೆಯೇ ಒಂದೊಂದು ತಂಡ. ಊರಿನ ಅಭಿಮಾನಕ್ಕೆ ಅಂಗಿಯೊಂದು ಸಿಕ್ಕಿದ್ದು ಆಗ. ಮುಂದೆ ವಾಮದಪದವು, ಪುಂಜಾಲಕಟ್ಟೆ, ಸಿದ್ಧಕಟ್ಟೆ, ಬೆಳ್ತಂಗಡಿಯಂಥ ಕಡೆ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳೂ ಬಂದವು.

ಈ ಕಾಲೇಜುಗಳು ಮೊದಲು ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಮೈಸೂರು, ಹಾಸನ, ಮಂಡ್ಯ, ಶಿವಮೊಗ್ಗದವರೂ ಇದ್ದ ಅಷ್ಟು ದೊಡ್ಡ ಗುಂಪಿನಲ್ಲಿ ಘಟ್ಟದ ಕೆಳಗಿನ ಹೊಸ ಕಾಲೇಜೊಂದರ ಹುಡುಗ ವಿಶ್ವವಿದ್ಯಾನಿಲಯದ ತಂಡಕ್ಕೆ ಆಯ್ಕೆಯಾಗುವುದು ಸುಲಭದ ಮಾತಲ್ಲ. 1980ರ ಸೆಪ್ಟೆಂಬರ್ 10ರಂದು ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಅದಕ್ಕೆ ಮೊದಲು ಅಲ್ಲಿದ್ದದ್ದು ಮೈಸೂರಿನ ಸ್ನಾತಕೋತ್ತರ ಕೇಂದ್ರ. ಹೊಸ ವಿಶ್ವವಿದ್ಯಾನಿಲಯ ಎಂದರೆ ಪದವಿ ಪತ್ರದ ಮೇಲಿನ ಮುದ್ರೆ ಬದಲಾದದ್ದು ಎಂದೇ ಹೆಚ್ಚಿನವರು ಭಾವಿಸುತ್ತಾರೆ. ಆಟಗಾರರ ಮಟ್ಟಿಗೆ ಅದು ಹೊಸ ಬಾಗಿಲು. ದಕ್ಷಿಣ ಕನ್ನಡ ಮತ್ತು ಕೊಡಗಿನ ಕಾಲೇಜುಗಳಿಂದಲೇ ಒಂದು ತಂಡ ಕಟ್ಟಬೇಕಾಗಿ ಬಂತು. ಹಾಕಿಗೆ ಕೊಡಗು, ಕಬಡ್ಡಿ ವಾಲಿಬಾಲ್‌ಗೆ ಕರಾವಳಿ ಎಂಬ ಮಾತು ಅಭಿಮಾನಿಗಳ ಬಾಯಲ್ಲಿ ನೆಲೆಯಾಯಿತು.

ವಿಶ್ವವಿದ್ಯಾನಿಲಯದ ಕ್ರೀಡಾ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂಬುದನ್ನು ಇಲ್ಲಿ ಹೇಳಬೇಕು, ಏಕೆಂದರೆ ವಿದ್ಯಾರ್ಥಿಗಳಲ್ಲೇ ಅನೇಕರಿಗೆ ಇದು ಗೊತ್ತಿಲ್ಲ. ಮೊದಲು ಅಂತರ ಕಾಲೇಜು ಪಂದ್ಯಾಟ. ಅಲ್ಲಿ ಚೆನ್ನಾಗಿ ಆಡಿದವರನ್ನು ಬೇರೆ ಬೇರೆ ಕಾಲೇಜುಗಳಿಂದ ಆರಿಸಿ ವಿಶ್ವವಿದ್ಯಾನಿಲಯದ ತಂಡ. ಆ ತಂಡ ದಕ್ಷಿಣ ವಲಯದಲ್ಲಿ ಆಡುತ್ತದೆ, ಅಲ್ಲಿ ಮೇಲಿನ ಸ್ಥಾನ ಪಡೆದರೆ ಅಖಿಲ ಭಾರತ ಮಟ್ಟಕ್ಕೆ ಹೋಗುತ್ತದೆ. ಇದನ್ನೆಲ್ಲ ನಡೆಸುವುದು 1925ರಲ್ಲಿ ಅಂತರ ವಿಶ್ವವಿದ್ಯಾನಿಲಯ ಮಂಡಳಿಯಾಗಿ ಆರಂಭವಾಗಿ 1973ರಲ್ಲಿ ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘ ಎಂದು ಹೆಸರು ಬದಲಿಸಿಕೊಂಡ ಸಂಸ್ಥೆ. ಎಲ್ಲ ಕ್ರೀಡೆಗಳನ್ನೂ ಲೆಕ್ಕಕ್ಕೆ ಹಿಡಿದು ಅತ್ಯುತ್ತಮ ವಿಶ್ವವಿದ್ಯಾನಿಲಯಕ್ಕೆ ಕೊಡುವ ಟ್ರೋಫಿಯ ಹೆಸರು ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿ. ಮೌಲಾನಾ ಅವರು ಶಿಕ್ಷಣ ಮಂತ್ರಿಯಾಗಿದ್ದಾಗಲೇ, 1956-57ರಲ್ಲಿ, ಇದು ಆರಂಭವಾಯಿತು. ತರಗತಿಯಲ್ಲಿ ಮೌಲಾನಾರ ಗದ್ಯವನ್ನು ಪಾಠ ಮಾಡುವ ನಾವು ಆಟದ ಮೈದಾನದಲ್ಲೂ ಅವರ ಹೆಸರಿದೆ ಎಂಬುದನ್ನು ಹೇಳುವುದು ಅಪರೂಪ. ಈ ಟ್ರೋಫಿಯನ್ನು ಹೆಚ್ಚು ಸಲ ಹೊತ್ತೊಯ್ದವರು ಪಂಜಾಬಿನ ಕಡೆಯ ವಿಶ್ವವಿದ್ಯಾನಿಲಯಗಳು.

ಈ ವ್ಯವಸ್ಥೆಯಿಂದ ಅಭಿಮಾನಿಗೆ ಒಂದು ವಿಚಿತ್ರ ಸ್ಥಿತಿ ಒದಗುತ್ತದೆ. ನಾನು ಓದಿದ ಕಾಲೇಜು ಸಣ್ಣದು, ವಾಲಿಬಾಲ್‌ನಲ್ಲಿ ಮೊದಲ ಸುತ್ತಿಗೇ ಮನೆಗೆ ಬರುವುದು ನಮ್ಮ ರೂಢಿ. ಒಂದು ವರ್ಷ ನಮ್ಮನ್ನು ಸೋಲಿಸಿದ ತಂಡದ ಎತ್ತರದ ಹುಡುಗನೊಬ್ಬನಿಗೆ ನಾವು ಗ್ಯಾಲರಿಯಿಂದ ಕೂಗಿ ಕೂಗಿ ಗಂಟಲು ಕೆಡಿಸಿಕೊಂಡಿದ್ದೆವು. ಎರಡು ತಿಂಗಳ ಬಳಿಕ ಅವನೇ ವಿಶ್ವವಿದ್ಯಾನಿಲಯದ ಅಂಗಿ ತೊಟ್ಟು ಕೇರಳ, ತಮಿಳುನಾಡಿನವರ ಎದುರು ಆಡಿದ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಅವನು 'ನಮ್ಮ ಹುಡುಗ' ಆಗಿಬಿಟ್ಟ. "ನಮ್ಮ ಮೇಲೆ ಆಡಿಯೇ ಅವನು ಪಳಗಿದ್ದು" ಎಂದು ನನ್ನ ಗೆಳೆಯನೊಬ್ಬ ಹೇಳಿದ್ದನ್ನು ಎಲ್ಲರೂ ಒಪ್ಪಿದೆವು. ಸೋತವರ ಈ ವಾದದಲ್ಲಿ ಸ್ವಲ್ಪ ಸತ್ಯವೂ ಇದೆ. ಎದುರಾಳಿಗಳು ದುರ್ಬಲರಾದಷ್ಟೂ ಗೆದ್ದವನ ಆಟ ಮಸುಕಾಗುತ್ತದೆ.

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಇದೇ ಭಾವನೆ ದೊಡ್ಡ ಪ್ರಮಾಣದಲ್ಲಿ ಕಾಣುತ್ತದೆ. ಅಲ್ಲಿ ಕಾಲೇಜುಗಳು 'ಕಾನ್ಫರೆನ್ಸ್' ಎಂಬ ಕೂಟಗಳಲ್ಲಿ ಸೇರಿಕೊಂಡಿವೆ. ವರ್ಷವಿಡೀ ಒಳಗೊಳಗೆ ಸೆಣಸಾಡುತ್ತವೆ. ಮಾರ್ಚ್ ತಿಂಗಳ ರಾಷ್ಟ್ರೀಯ ಪಂದ್ಯಾಟ ಬಂದಾಗ ಮಾತ್ರ ನಿನ್ನೆಯ ವೈರಿ ಗೆಲ್ಲಲಿ ಎಂದು ಹಾರೈಸುತ್ತವೆ. ಅವನ ಗೆಲುವಿನ ಕೀರ್ತಿ ಕೂಟಕ್ಕೆಲ್ಲ ಹಂಚಿಹೋಗುತ್ತದೆ, ಹಣವೂ ಹಂಚಿಹೋಗುತ್ತದೆ. ನಮ್ಮಲ್ಲಿ ಹಣದ ಪ್ರಶ್ನೆಯಿಲ್ಲ, ಕೀರ್ತಿ ಮಾತ್ರ. ಅಲ್ಲಿಯ ಪುರುಷರ ಪಂದ್ಯಾಟದಲ್ಲಿ ಒಂದನೇ ಶ್ರೇಯಾಂಕದ ತಂಡಗಳು ಹದಿನಾರನೇ ಶ್ರೇಯಾಂಕದ ತಂಡಗಳ ಎದುರು 135 ಪಂದ್ಯ ಆಡಿ 135ನ್ನೂ ಗೆದ್ದಿದ್ದವು. 2018ರ ಮಾರ್ಚ್ 16ರಂದು ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದ ಬಾಲ್ಟಿಮೋರ್ ಕೌಂಟಿ ಶಾಖೆ ಬಲಾಢ್ಯ ವರ್ಜೀನಿಯಾವನ್ನು 74-54ರಿಂದ ಸೋಲಿಸಿತು. ಚರಿತ್ರೆಯಲ್ಲೇ ಮೊದಲು ಎಂದು ಪ್ರಪಂಚವೆಲ್ಲ ಬರೆಯಿತು. ಮಹಿಳೆಯರ ಪಂದ್ಯಾಟದಲ್ಲಿ ಹಾರ್ವರ್ಡ್ ಹುಡುಗಿಯರು ಸ್ಟ್ಯಾನ್‌ಫರ್ಡನ್ನು ಹೀಗೆಯೇ ಸೋಲಿಸಿ ಆಗಲೇ ಇಪ್ಪತ್ತು ವರ್ಷ ಕಳೆದಿತ್ತು. 1998ರ ಆ ಗೆಲುವು ಬಹಳ ಜನರಿಗೆ ನೆನಪೇ ಇರಲಿಲ್ಲ. ಹುಡುಗಿಯರ ತಂಡದ ಗೆಲುವನ್ನು ಬೇಗ ಮರೆಯುವುದು ನಮ್ಮೂರಿನ ದೋಷ ಮಾತ್ರವಲ್ಲ ಎಂದಾಯಿತು.

ಕರ್ನಾಟಕದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಉಲಟ್‌ಫೇರ್ ಬೇಕಾದರೆ ಕಾಲೇಜು ಬಿಟ್ಟು ಫುಟ್‌ಬಾಲ್ ಕ್ಲಬ್ಬಿನ ಕಡೆ ನೋಡಬೇಕು. ಮುಂಬಯಿಯ ರೋವರ್ಸ್ ಕಪ್ ಆರಂಭವಾದದ್ದು ಬಾಸ್ಕೆಟ್‌ಬಾಲ್ ಹುಟ್ಟಿದ 1891ರಲ್ಲೇ. ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಅದನ್ನು ಬ್ರಿಟಿಷ್ ಸೇನೆಯ ತಂಡಗಳೇ ಗೆಲ್ಲುತ್ತ ಬಂದವು. ಅದನ್ನು ಮುರಿದದ್ದು ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ, 1937ರಲ್ಲಿ. ಅಂತಿಮ ಪಂದ್ಯದಲ್ಲಿ ಎದುರಿದ್ದವರು ಯಾರು? ಕಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗ್. 1934ರಿಂದ ಪ್ರತಿ ವರ್ಷ ಕಲ್ಕತ್ತಾ ಲೀಗ್ ಗೆದ್ದಿದ್ದ, ಅದನ್ನು ಗೆದ್ದ ಮೊದಲ ಭಾರತೀಯ ಕ್ಲಬ್ ಎನಿಸಿಕೊಂಡಿದ್ದ, ದೇಶದ ಮುಸ್ಲಿಮರ ಹೆಮ್ಮೆಯಾಗಿದ್ದ ತಂಡ ಅದು. ಬೆಂಗಳೂರಿನವರು 1-0ರಿಂದ ಗೆದ್ದರು. ಮರುವರ್ಷ ಆರ್ಗೈಲ್ ಅಂಡ್ ಸದರ್ಲೆಂಡ್ ಹೈಲ್ಯಾಂಡರ್ಸ್ ಎಂಬ ಸೇನಾ ತಂಡವನ್ನು 3-2ರಿಂದ ಮಣಿಸಿ ಕಪ್ಪನ್ನು ಉಳಿಸಿಕೊಂಡರು. 1940ರ ಫೈನಲ್‌ನಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಸೇಡು ತೀರಿಸಿಕೊಂಡಿತು, ಅಂತರ ಅದೇ 1-0. 1948ರಲ್ಲಿ ಬೆಂಗಳೂರಿನವರು ಮೋಹನ್ ಬಾಗಾನನ್ನು ಸೋಲಿಸಿ ಮತ್ತೆ ಕಪ್ ತಂದರು.

1937ರ ಆ ಪಂದ್ಯದ ಬಗ್ಗೆ ನನಗೆ ಕುತೂಹಲ ಇರುವುದು ಅಂಕಕ್ಕಿಂತ ಅಭಿಮಾನದ ವಿಷಯದಲ್ಲಿ. ಎರಡೂ ತಂಡಗಳ ಹೆಸರಿನಲ್ಲಿ ಸಮುದಾಯದ ಹೆಸರಿತ್ತು. ಹಾಗಾದರೆ ಬೆಂಗಳೂರಿನ ಶಿವಾಜಿನಗರದವನು ಯಾರ ಕಡೆ ನಿಲ್ಲಬೇಕು? ಹಿಂದಿನ ಮೂರು ವರ್ಷ ಕಲ್ಕತ್ತಾದ ಗೆಲುವನ್ನು ತನ್ನದೆಂದು ಸಂಭ್ರಮಿಸಿದವನಿಗೂ ಆ ದಿನ ಊರೇ ದೊಡ್ಡದಾಗಿರಬೇಕು ಎಂದು ನನ್ನ ಊಹೆ. ಮರುವರ್ಷ ಎದುರಿಗೆ ಬ್ರಿಟಿಷ್ ಸೈನಿಕರು ನಿಂತಾಗ ಊರೂ ಸಮುದಾಯವೂ ದೇಶದೊಳಗೆ ಸೇರಿಹೋಗಿರಬೇಕು. ಅಭಿಮಾನಕ್ಕೆ ಒಂದೇ ಗಡಿ ಇರುವುದಿಲ್ಲ, ಎದುರಾಳಿ ಯಾರು ಎಂಬುದರ ಮೇಲೆ ಅದು ಹಿಗ್ಗುತ್ತದೆ, ಕುಗ್ಗುತ್ತದೆ.

ಇನ್ನು ಸಣ್ಣ ತಂಡಗಳು ಗೆಲ್ಲುವುದು ಬರೀ ಅದೃಷ್ಟವೇ ಎಂಬ ಪ್ರಶ್ನೆ. ಗಣಿತದ ಮೇಷ್ಟ್ರುಗಳ ಕ್ಷಮೆ ಕೋರಿ ಒಂದು ಸಣ್ಣ ಲೆಕ್ಕ ಮಾಡುತ್ತೇನೆ. ಒಂದು ತಂಡ ಎಷ್ಟು ಬಲಶಾಲಿ ಎಂದರೆ ಯಾವ ಎದುರಾಳಿಯನ್ನಾದರೂ ನಾಲ್ಕರಲ್ಲಿ ಮೂರು ಸಲ ಸೋಲಿಸಬಲ್ಲದು ಎಂದಿಟ್ಟುಕೊಳ್ಳಿ. ನಾಕೌಟ್ ಪಂದ್ಯಾಟದಲ್ಲಿ ಪ್ರಶಸ್ತಿಗೆ ಐದು ಪಂದ್ಯ ಸತತವಾಗಿ ಗೆಲ್ಲಬೇಕು. ಮುಕ್ಕಾಲನ್ನು ಐದು ಸಲ ಗುಣಿಸಿದರೆ 1024ರಲ್ಲಿ 243, ಅಂದರೆ ನೂರಕ್ಕೆ 24ಕ್ಕಿಂತಲೂ ಕಡಿಮೆ. ನಾವೆಲ್ಲ ಪ್ರಶಸ್ತಿ ಅವರದ್ದೇ ಎಂದು ಬರೆದಿಟ್ಟ ತಂಡ ಕೂಡ ನಾಲ್ಕರಲ್ಲಿ ಮೂರು ವರ್ಷ ಎಲ್ಲೋ ಒಂದು ಕಡೆ ಎಡವುತ್ತದೆ ಎಂದಾಯಿತು. ಆಟ ಗಿಡ್ಡವಾದಷ್ಟೂ ಎಡವುವ ಸಾಧ್ಯತೆ ಹೆಚ್ಚು. ವಾಲಿಬಾಲ್‌ನಲ್ಲಿ ನಿರ್ಣಾಯಕ ಸೆಟ್ 15 ಅಂಕಗಳಿಗೆ ಮುಗಿಯುತ್ತದೆ. ಒಬ್ಬ ಹುಡುಗನ ಸರ್ವಿಸ್ ಕೈಗೂಡಿ ನಾಲ್ಕು ಅಂಕ ಒಟ್ಟಿಗೆ ಬಂದರೆ ಹಾಸ್ಟೆಲ್ಲು, ಕೋಚು ಯಾವುದೂ ಅಡ್ಡ ಬರುವುದಿಲ್ಲ. ಲೀಗ್ ಮಾದರಿಯಲ್ಲಿ ಎಲ್ಲರೂ ಎಲ್ಲರೊಡನೆ ಆಡಿದರೆ ಮಾತ್ರ ನಿಜವಾದ ಬಲ ಮೇಲೆ ಬರುತ್ತದೆ.

ಆದರೆ ಈ ಲೆಕ್ಕಕ್ಕೆ ಒಂದು ಷರತ್ತು. ತಂಡ ಮೈದಾನಕ್ಕೆ ಬಂದಿರಬೇಕು. ಸಣ್ಣ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ ಖಾಲಿಯಿದ್ದರೆ, ಮಧ್ಯಾಹ್ನದ ಬಸ್ಸಿಗೆ ಓಡುವ ಹುಡುಗರಿಗೆ ಅಭ್ಯಾಸಕ್ಕೆ ಸಮಯವಿಲ್ಲದಿದ್ದರೆ, ಹುಡುಗಿಯರ ತಂಡದ ಜೊತೆ ಹೋಗಲು ಶಿಕ್ಷಕಿಯೊಬ್ಬರು ಸಿಗದಿದ್ದರೆ ಪ್ರವೇಶ ಪತ್ರವೇ ಹೋಗುವುದಿಲ್ಲ. ನಾಲ್ಕರಲ್ಲಿ ಒಂದು ಅವಕಾಶ ಸೊನ್ನೆಯಾಗುವುದು ಹೀಗೆ. ಡಾ. ಎಂ. ಮೋಹನ ಆಳ್ವರು 1995ರಲ್ಲಿ ಕಟ್ಟಿದ ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ ಕ್ರೀಡಾಪಟುಗಳನ್ನು ದತ್ತು ಪಡೆದು ವಸತಿ, ಊಟ, ತರಬೇತಿ ಕೊಟ್ಟು ಬೆಳೆಸುತ್ತಿದೆ. ವಿಶ್ವವಿದ್ಯಾನಿಲಯದ ಅಥ್ಲೆಟಿಕ್ಸ್‌ನಲ್ಲಿ ಹಲವು ವರ್ಷ ಸತತವಾಗಿ ಅವರದ್ದೇ ಮೇಲುಗೈ. ಇದರಿಂದ ಸ್ಪರ್ಧೆಯೇ ಉಳಿಯಲಿಲ್ಲ ಎಂದು ಗೊಣಗುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಗೊಣಗಾಟ ಅರ್ಧ ಮಾತ್ರ ನ್ಯಾಯ. ಒಬ್ಬರು ಚೆನ್ನಾಗಿ ಸಿದ್ಧರಾಗಿ ಬರುವುದು ತಪ್ಪಲ್ಲ, ಉಳಿದವರು ಬಾರದಿರುವುದೇ ತೊಂದರೆ.

ಸರಿಯಾದ ಕಣ್ಣೊಂದು ಬಿದ್ದರೆ ಏನಾಗಬಹುದು ಎಂಬುದಕ್ಕೆ ಬೆಳ್ತಂಗಡಿ ತಾಲೂಕಿನಲ್ಲೇ ಉದಾಹರಣೆಯಿದೆ. ಕುಂದಾಪುರ ಕಡೆಯ ವಾಹನ ಚಾಲಕರೊಬ್ಬರ ಮಗ ಗುರುರಾಜ ಪೂಜಾರಿ ಕುಸ್ತಿಪಟುವಾಗಬೇಕೆಂದು ಕನಸು ಕಂಡಿದ್ದರು. ಉಜಿರೆ ಕಾಲೇಜಿಗೆ ಬಂದ ಮೇಲೆ ಭಾರ ಎತ್ತುವ ಕಡೆಗೆ ತಿರುಗಿದರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಮೊದಲ ಪದಕ ತಂದವರು ಅವರೇ. 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ. 2022ರಲ್ಲಿ ಬರ್ಮಿಂಗ್‌ಹ್ಯಾಂನಲ್ಲಿ 61 ಕಿಲೋ ವಿಭಾಗದಲ್ಲಿ ಕಂಚು.

ಈಗ ಅಭಿಮಾನಿಗಳಿಗೆ ಹೊಸ ಗೊಂದಲ ಒಂದು ಬಂದಿದೆ. ಅಂಗಿಗಳು ಹೆಚ್ಚಾಗಿವೆ. ವೈದ್ಯಕೀಯ ಕಾಲೇಜುಗಳು 1996ರಲ್ಲಿ ಆರಂಭವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯಕ್ಕೆ, ಇಂಜಿನಿಯರಿಂಗ್ ಕಾಲೇಜುಗಳು 1998ರ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯಕ್ಕೆ ಹೋದವು. ಯೆನೆಪೋಯ ಮತ್ತು ನಿಟ್ಟೆ 2008ರಲ್ಲಿ ಸ್ವತಃ ವಿಶ್ವವಿದ್ಯಾನಿಲಯಗಳಾದವು. 2023ರಲ್ಲಿ ಕೊಡಗು ವಿಶ್ವವಿದ್ಯಾನಿಲಯ ಆರಂಭವಾಯಿತು. 2024ರಲ್ಲಿ ಸಂತ ಅಲೋಶಿಯಸ್ ಕೂಡ ಡೀಮ್ಡ್ ವಿಶ್ವವಿದ್ಯಾನಿಲಯವಾಗಿ ಹೊರಬಂತು. ಕಾಕತಾಳೀಯವೆಂದರೆ ಅದೇ 2024ರಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ 'ಪ್ಯಾಕ್-12' ಎಂಬ ಹಳೆಯ ಕೂಟವೂ ಒಡೆದು, ಅದರ ಹನ್ನೆರಡರಲ್ಲಿ ಹತ್ತು ವಿಶ್ವವಿದ್ಯಾನಿಲಯಗಳು ಬೇರೆ ಕೂಟ ಸೇರಿದವು. ಅಲ್ಲಿಯ ಅಭಿಮಾನಿಗಳೂ ಯಾರನ್ನು ವೈರಿ ಎನ್ನಬೇಕು, ಯಾರನ್ನು ನಮ್ಮವರು ಎನ್ನಬೇಕು ಎಂದು ತಲೆ ಕೆರೆದುಕೊಂಡರು.

ಮೂಡುಬಿದಿರೆಯವರು ಇದನ್ನು ಅದಕ್ಕೂ ಮೊದಲೇ ಕಂಡಿದ್ದರು. 2020ರ ಜನವರಿಯಲ್ಲಿ ಸ್ವರಾಜ್ ಮೈದಾನದಲ್ಲಿ 80ನೇ ಅಖಿಲ ಭಾರತ ಅಂತರ ವಿಶ್ವವಿದ್ಯಾನಿಲಯ ಅಥ್ಲೆಟಿಕ್ಸ್ ನಡೆಯಿತು. ಆಳ್ವಾಸ್ ಸಹಯೋಗದಲ್ಲಿ ನಡೆಸಿದ್ದು ರಾಜೀವ್ ಗಾಂಧಿ ವಿಶ್ವವಿದ್ಯಾನಿಲಯ, ಸಮಗ್ರ ಪ್ರಶಸ್ತಿ ಗೆದ್ದದ್ದು ಮಂಗಳೂರು ವಿಶ್ವವಿದ್ಯಾನಿಲಯ. ಅತಿಥೇಯರು ಒಂದು ವಿಶ್ವವಿದ್ಯಾನಿಲಯ, ಗೆದ್ದವರು ಇನ್ನೊಂದು. ಪೇಟೆಯವರು ಎರಡಕ್ಕೂ ಚಪ್ಪಾಳೆ ತಟ್ಟಿದರು.