ಬಡಾವಣೆ ರಸ್ತೆಯ ಉಬ್ಬು: ಅಳತೆ ತಪ್ಪಿದರೆ ಅಪಾಯ

ಜನವಸತಿ ರಸ್ತೆಗಳಲ್ಲಿ ವಾಹನಗಳ ವೇಗವನ್ನು ಫಲಕ ಮತ್ತು ದಂಡಗಳಿಂದ ಮಾತ್ರವಲ್ಲದೆ ರಸ್ತೆಯ ರಚನೆಯಿಂದಲೇ ತಗ್ಗಿಸುವ ವಿಧಾನಕ್ಕೆ ‘ಟ್ರಾಫಿಕ್ ಕಾಮಿಂಗ್’ ಎಂದು ಹೆಸರು. ರಸ್ತೆ ಉಬ್ಬು, ಅಂದರೆ ಹಂಪ್, ಇದರ ಚಿರಪರಿಚಿತ ರೂಪ. ಆದರೆ ಅಳತೆ ತಪ್ಪಿದ ಉಬ್ಬು ರಕ್ಷಣೆಗೆ ಬದಲಾಗಿ ಅಪಘಾತಕ್ಕೆ ಕಾರಣವಾಗಬಲ್ಲದು.

ವೇಗದ ಲೆಕ್ಕ

ಗಂಟೆಗೆ 30 ಕಿ.ಮೀ. ವೇಗದ ವಾಹನ ಒಂದು ಸೆಕೆಂಡಿನಲ್ಲಿ ಸುಮಾರು 8 ಮೀಟರ್ ಸಾಗುತ್ತದೆ, 50 ಕಿ.ಮೀ. ವೇಗದಲ್ಲಿ ಸುಮಾರು 14 ಮೀಟರ್. ಚೆಂಡಿನ ಬೆನ್ನಟ್ಟಿ ರಸ್ತೆಗಿಳಿದ ಮಗುವನ್ನು ಕಂಡ ಚಾಲಕನ ಕಾಲು ಬ್ರೇಕ್ ಮುಟ್ಟುವಷ್ಟರಲ್ಲಿಯೇ ಇಷ್ಟು ದೂರ ಕಳೆದಿರುತ್ತದೆ. ವೇಗ ಇಮ್ಮಡಿಯಾದರೆ ವಾಹನದ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದಲೇ ಪಾದಚಾರಿಗಳೂ ವಾಹನಗಳೂ ಬೆರೆಯುವ ರಸ್ತೆಗಳಲ್ಲಿ ಗರಿಷ್ಠ ವೇಗ 30 ಕಿ.ಮೀ. ಇರಬೇಕೆಂದು 2020ರ ಸ್ಟಾಕ್‌ಹೋಮ್ ಘೋಷಣೆ ಒತ್ತಾಯಿಸಿತು.

ಡೆಲ್ಫ್ಟ್‌ನ ಪ್ರಯೋಗ

ಈ ಚಿಂತನೆಯ ಒಂದು ಮೂಲ ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್ ನಗರದಲ್ಲಿದೆ. 1960ರ ದಶಕದ ಕೊನೆಯಲ್ಲಿ ಅಲ್ಲಿನ ವಸತಿ ಬೀದಿಗಳನ್ನು ಗಿಡಮರ, ತಿರುವುಗಳಿಂದ ಅಂಗಳದಂತೆ ಮಾರ್ಪಡಿಸಲಾಯಿತು. ವಾಹನಗಳು ನಡೆಯುವವರಿಗೆ ಹೊಂದಿಕೊಂಡು ಸಾಗಬೇಕಾಯಿತು. 1976ರಲ್ಲಿ ಡಚ್ ಸರ್ಕಾರ ಇಂತಹ ಬೀದಿಗಳಿಗೆ ಕಾನೂನಿನ ಮಾನ್ಯತೆ ನೀಡಿತು.

ಭಾರತದ ಮಾನದಂಡ

ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿ ಉಬ್ಬುಗಳಿಗೆ ಮಾರ್ಗಸೂಚಿ ಪ್ರಕಟಿಸಿ, 2018ರಲ್ಲಿ ಅದನ್ನು ಪರಿಷ್ಕರಿಸಿತು. 1988ರ ಮಾರ್ಗಸೂಚಿಯ ಪ್ರಕಾರ ದುಂಡನೆಯ ಉಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ಇದನ್ನು ಗಂಟೆಗೆ ಸುಮಾರು 25 ಕಿ.ಮೀ. ವೇಗದಲ್ಲಿ ಕುಲುಕಾಟವಿಲ್ಲದೆ ದಾಟಬಹುದು. ಮುಂಚಿತವಾಗಿ ಎಚ್ಚರಿಕೆ ಫಲಕ, ಉಬ್ಬಿನ ಮೇಲೆ ಕಣ್ಣಿಗೆ ಕಾಣುವ ಪಟ್ಟೆಗಳೂ ಅಗತ್ಯ.

ಅಡಿಯಷ್ಟೇ ಅಗಲದ ಕಡಿದಾದ ದಿಬ್ಬಗಳು ಈ ಅಳತೆಗೆ ಹೊಂದುವುದಿಲ್ಲ. ರಾತ್ರಿ ಬಣ್ಣ ಕಾಣದಿದ್ದರೆ ದ್ವಿಚಕ್ರ ಸವಾರರು ಆಯತಪ್ಪುತ್ತಾರೆ. ಅಂಚಿನಲ್ಲಿ ಉಳಿದ ಜಾಗದಲ್ಲಿ ನುಸುಳುವವರು ನಡೆಯುವವರ ಮೇಲೇ ಬರುತ್ತಾರೆ. ಆಂಬುಲೆನ್ಸ್‌ನಲ್ಲಿರುವ ರೋಗಿಗೂ ಪ್ರತಿ ಕುಲುಕೂ ಯಾತನೆ.

ಉಬ್ಬೊಂದೇ ಸಾಲದು

ಪಾದಚಾರಿ ಮಾರ್ಗದ ಮಟ್ಟಕ್ಕೆ ಎತ್ತರಿಸಿದ ಚಪ್ಪಟೆ ದಾಟುದಾರಿಯು ವೇಗವನ್ನೂ ತಗ್ಗಿಸುತ್ತದೆ, ವೃದ್ಧರಿಗೂ ಗಾಲಿಕುರ್ಚಿಗೂ ಅನುಕೂಲ. ಮೂಲೆಯಲ್ಲಿ ರಸ್ತೆಯನ್ನು ಕಿರಿದುಗೊಳಿಸಿದರೆ ದಾಟುವ ದೂರ ಕಡಿಮೆಯಾಗುತ್ತದೆ, ವಾಹನ ನಿಧಾನವಾಗಿ ತಿರುಗುತ್ತದೆ. ವಸತಿ ಪ್ರದೇಶದ ಪಾದಚಾರಿ ಮಾರ್ಗದಲ್ಲಿ ಕನಿಷ್ಠ 1.8 ಮೀಟರ್ ಅಗಲ ಅಡೆತಡೆಯಿಲ್ಲದೆ ಇರಬೇಕೆಂಬುದು ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ಮಾನದಂಡ. ಈ ಜಾಗವನ್ನು ನಿಂತ ವಾಹನ, ಟ್ರಾನ್ಸ್‌ಫಾರ್ಮರ್‌ಗಳು ಆಕ್ರಮಿಸಿದರೆ ನಡೆಯುವವರು ರಸ್ತೆಗಿಳಿಯುವುದು ಅನಿವಾರ್ಯ.

ಪಾದಚಾರಿ ಮಾರ್ಗ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯಡಿ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಅಪಘಾತವಾದ ಮರುದಿನ ನಿವಾಸಿಗಳೇ ಸಿಮೆಂಟ್ ಸುರಿದು ದಿಬ್ಬ ಕಟ್ಟುವುದು ಇದಕ್ಕೆ ಪರಿಹಾರವಲ್ಲ. ಪಾಲಿಕೆ ಮತ್ತು ಸಂಚಾರ ಪೊಲೀಸರಿಗೆ ಮನವಿ ಸಲ್ಲಿಸಿ, ಅಳತೆಗೆ ತಕ್ಕ ಉಬ್ಬು, ಫಲಕ, ಪಾದಚಾರಿ ಮಾರ್ಗ ಮೂರನ್ನೂ ಒಟ್ಟಿಗೆ ಕೇಳುವುದೇ ಸರಿಯಾದ ಕ್ರಮ.