ಆಸ್ಪತ್ರೆಯ ಗೇಟಿನಾಚೆ: ಸಮಾಜಕಾರ್ಯಕರ್ತರ ನೋಂದಣಿ ಮತ್ತು ಕಾನೂನು

ವಕೀಲರಿಗೆ, ವೈದ್ಯರಿಗೆ, ದಾದಿಯರಿಗೆ ಶಾಸನಬದ್ಧ ಪರಿಷತ್ತುಗಳಿವೆ. ಸಮಾಜಕಾರ್ಯಕ್ಕೆಂದೇ ಅಂಥದೊಂದು ಭಾರತದಲ್ಲಿ ಇನ್ನೂ ಹುಟ್ಟಿಲ್ಲ. ಇರುವುದು ಅಲ್ಲೊಂದು ಇಲ್ಲೊಂದು ಕಲಮು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 55ನೇ ಕಲಮಿನಂತೆ ಮನೋವೈದ್ಯಕೀಯ ಸಮಾಜಕಾರ್ಯಕರ್ತರನ್ನು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರ ನೋಂದಾಯಿಸಬೇಕು. 2021ರ ಸಹವರ್ತಿ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯು ವೈದ್ಯಕೀಯ ಹಾಗೂ ಕ್ಲಿನಿಕಲ್ ಸಮಾಜಕಾರ್ಯಕರ್ತರನ್ನೂ ಅನುಸೂಚಿಗೆ ಸೇರಿಸಿ, ನೋಂದಣಿಯನ್ನು ರಾಜ್ಯ ಪರಿಷತ್ತುಗಳಿಗೆ ಒಪ್ಪಿಸಿತು.

ಎರಡರಲ್ಲೂ ಆಸ್ಪತ್ರೆಯೇ ಕೇಂದ್ರ. ಇದರ ಪರಿಣಾಮ ಬೆಂಗಳೂರಿನ ದಂಡು ಪ್ರದೇಶದಲ್ಲಿ ಎದ್ದು ಕಾಣುತ್ತದೆ. ಎಂ.ಎಸ್.ಡಬ್ಲ್ಯು. ಓದಿದ ಒಬ್ಬಾಕೆ ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಲ್ಲಿದ್ದಾಳೆ ಎನ್ನೋಣ. ವಾರಸುದಾರರಿಲ್ಲದ ರೋಗಿಯ ಮನೆಯವರನ್ನು ಹುಡುಕುತ್ತಾಳೆ, ರೇಷನ್ ಕಾರ್ಡಿನ ತೊಡಕು ಬಿಡಿಸುತ್ತಾಳೆ, ಕ್ಷಯದ ಮಾತ್ರೆ ನಡುವೆ ನಿಲ್ಲದಂತೆ ಮನೆಯವರನ್ನು ಒಪ್ಪಿಸುತ್ತಾಳೆ. ಆಕೆಯ ಸಹಪಾಠಿ ಹಲಸೂರಿನ ಗಲ್ಲಿಯಲ್ಲಿ ಅದೇ ಕುಟುಂಬದ ಕುಡಿತ, ಸಾಲ, ಶಾಲೆ ಬಿಟ್ಟ ಮಗಳು ಎಲ್ಲವನ್ನೂ ನಿಭಾಯಿಸುತ್ತಾಳೆ. ಪದವಿ ಒಂದೇ, ಕೌಶಲವೂ ಒಂದೇ. ಅನುಸೂಚಿಯಲ್ಲಿ ಜಾಗವಿರುವುದು ಮೊದಲನೆಯವಳಿಗೆ ಮಾತ್ರ. ಎರಡನೆಯವಳು ಆ ಕುಟುಂಬದ ಗುಟ್ಟು ಹೊರಗೆಡವಿದರೆ ದೂರು ಕೇಳುವ ವೃತ್ತಿಪರಿಷತ್ತೇ ಇಲ್ಲ. ನನ್ನ ಮಟ್ಟಿಗೆ ಇದು ಅತ್ಯಂತ ಗಂಭೀರವಾದ ಕೊರತೆ.

ಮಕ್ಕಳ ಕಾನೂನಿನಲ್ಲಿ ಗೊಂದಲ ಇನ್ನೂ ಹೆಚ್ಚು. 2015ರ ಬಾಲನ್ಯಾಯ ಕಾಯ್ದೆಯಂತೆ ಬಾಲನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜಕಾರ್ಯಕರ್ತರಿರಬೇಕು, ಒಬ್ಬರಾದರೂ ಮಹಿಳೆ. ಅವರಿಗೆ ಮಕ್ಕಳ ಕ್ಷೇತ್ರದಲ್ಲಿ ಏಳು ವರ್ಷಗಳ ಸಕ್ರಿಯ ಅನುಭವವಿರಬೇಕು, ಇಲ್ಲವೇ ಅವರು ಮಕ್ಕಳ ಮನೋವಿಜ್ಞಾನ, ಮನೋವೈದ್ಯಶಾಸ್ತ್ರ, ಸಮಾಜಶಾಸ್ತ್ರ ಅಥವಾ ಕಾನೂನು ಪದವಿಯ ವೃತ್ತಿಪರರಾಗಿರಬೇಕು. ಸಮಾಜಕಾರ್ಯ ಪದವಿಗೆ ಈ ಪಟ್ಟಿಯಲ್ಲಿ ಜಾಗವಿಲ್ಲ! 2021ರ ತಿದ್ದುಪಡಿ ಮಕ್ಕಳ ಕಲ್ಯಾಣ ಸಮಿತಿಯ ಅರ್ಹತೆಗಳಲ್ಲಿ ಆ ಪದವಿಯನ್ನು ಹೆಸರಿಸಿತು. ಮಂಡಳಿಯ ಕಲಮನ್ನು ಮುಟ್ಟಲಿಲ್ಲ.

ಈ ಕೊರತೆಗಳನ್ನು ನೀಗಲು ಸಮಾಜಕಾರ್ಯಕ್ಕೂ ಪರಿಷತ್ತು ಬಂದರೆ ಕೆ.ಆರ್. ಪುರದಂಥ ಕಡೆ ಪದವಿಯಿಲ್ಲದೆ ವರ್ಷಗಟ್ಟಲೆ ದುಡಿದವರು ಹೊರಗುಳಿಯುತ್ತಾರೆಂಬ ಆತಂಕ ಸಹಜ, ಅದನ್ನು ತಳ್ಳಿಹಾಕಲಾಗದು. ಇಂಗ್ಲೆಂಡಿನಲ್ಲಿ 2017ರ ಕಾಯ್ದೆಯಡಿ ರಚನೆಯಾಗಿ 2019ರ ಡಿಸೆಂಬರಿನಲ್ಲಿ ಕೆಲಸ ಆರಂಭಿಸಿದ ‘ಸೋಷಿಯಲ್ ವರ್ಕ್ ಇಂಗ್ಲೆಂಡ್’ ಎಂಬ ನಿಯಂತ್ರಣ ಸಂಸ್ಥೆಯ ಮಾದರಿ ಇಲ್ಲಿ ನೆರವಾಗುತ್ತದೆ: ಅಲ್ಲಿ ರಕ್ಷಣೆಯಿರುವುದು ವೃತ್ತಿನಾಮಕ್ಕೆ. ನೆರೆಹೊರೆಯವರಿಗೆ ನೆರವಾಗಲು ಯಾರಿಗೂ ನೋಂದಣಿ ಬೇಕಿಲ್ಲ.

ದೆಹಲಿಗೆ ಕಾಯಲೇಬೇಕಾದ ವಿಷಯವೂ ಇದಲ್ಲ. ವೃತ್ತಿಗಳು ಸಂವಿಧಾನದ ಸಮವರ್ತಿ ಪಟ್ಟಿಯ 26ನೇ ನಮೂದಿನಲ್ಲಿವೆ. ಕೇಂದ್ರ ಕಾಯ್ದೆಗಳ ವ್ಯಾಪ್ತಿಗೆ ಬಾರದ ಸಮುದಾಯ, ಮಕ್ಕಳ ಮತ್ತು ಕುಟುಂಬ ಕ್ಷೇತ್ರದವರಿಗಾಗಿ ಕರ್ನಾಟಕ ವಿಧಾನಮಂಡಲವೇ ಪರಿಷತ್ತು ರಚಿಸಬಹುದು. ಅನುಭವಿಗಳಿಗೆ ಪ್ರತ್ಯೇಕ ನೋಂದಣಿ, ಸಾರ್ವಜನಿಕರ ದೂರಿಗೆ ಶಿಸ್ತು ಸಮಿತಿ: ಮಸೂದೆ ಈ ಎರಡರಿಂದಲೇ ಆರಂಭವಾಗಬೇಕು.