ಸ್ಟ್ಯಾಕಿಗೆ ಜಾಗ ಕೊಡುವವರು

ವೈವಾದಲ್ಲಿ ಸ್ಟ್ಯಾಕ್ ಎಂದರೇನು ಎಂದು ಕೇಳಿದರೆ ಹುಡುಗರು ಪುಶ್, ಪಾಪ್ ಎಂದು ಗಿಳಿಪಾಠ ಒಪ್ಪಿಸುತ್ತಾರೆ. ಅದು ಬೆಳೆದಾಗ ಜಾಗ ಕೊಡುವವರು ಯಾರು ಎಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಆಪರೇಟಿಂಗ್ ಸಿಸ್ಟಂ ಪಾಠ ಮಾಡುತ್ತಲೇ ತಲೆ ನರೆತ ನನಗೆ ಇಷ್ಟವಾದದ್ದು ಈ ಎರಡನೆಯ ಪ್ರಶ್ನೆಯೇ.

ಮೊದಲಿಗೆ ಅದು ಪ್ರೋಗ್ರಾಂ ಬರೆಯುವವರದೇ ತಲೆನೋವು. ಸಬ್‌ರೂಟೀನ್ ಮುಗಿದ ಮೇಲೆ ಎಲ್ಲಿಗೆ ಮರಳಬೇಕೆಂದು ಎಲ್ಲಾದರೂ ಬರೆದಿಡಬೇಕಲ್ಲ? ಕೇಂಬ್ರಿಡ್ಜಿನ ಎಡ್ಸಾಕ್ ಯಂತ್ರದಲ್ಲಿ ಡೇವಿಡ್ ವೀಲರ್ ಸಬ್‌ರೂಟೀನಿನ ಕೊನೆಯ ಆಜ್ಞೆಯನ್ನೇ ತಿದ್ದಿ ಅಲ್ಲಿ ವಿಳಾಸ ಕೂರಿಸಿದರು. ಜಾಣ ಉಪಾಯವೇ. ಆದರೆ ಸಬ್‌ರೂಟೀನ್ ತನ್ನನ್ನೇ ಕರೆದುಕೊಂಡರೆ ಹಳೆಯ ವಿಳಾಸ ಅಳಿಸಿಹೋಗುತ್ತದೆ. ವಿಳಾಸಗಳನ್ನು ಒಂದರ ಮೇಲೊಂದು ಹೂತಿಟ್ಟು ಬೇಕಾದಾಗ ಅಗೆದು ತೆಗೆಯುವ ಯೋಚನೆ ಅದಕ್ಕೂ ಮೊದಲೇ ಅಲನ್ ಟ್ಯೂರಿಂಗ್‌ಗೆ ಹೊಳೆದಿತ್ತು. 1957ರಲ್ಲಿ ಮ್ಯೂನಿಕ್‌ನ ಬೌವರ್ ಮತ್ತು ಸಾಮೆಲ್ಸನ್ ಸ್ಟ್ಯಾಕಿಗೆ ಪೇಟೆಂಟ್ ಅರ್ಜಿ ಹಾಕಿದರು. 1960ರಲ್ಲಿ ಆಮ್ಸ್ಟರ್‌ಡ್ಯಾಮಿನಲ್ಲಿ ಡೈಕ್‌ಸ್ಟ್ರಾ ಮತ್ತು ಜೋನೆವೆಲ್ಡ್ ಆಲ್ಗಾಲ್ 60ರ ಕಂಪೈಲರ್ ಮುಗಿಸಿದಾಗ ಕರೆ ಕರೆಗೂ ಸ್ಟ್ಯಾಕಿನ ಮೇಲೆ ಹೊಸ ಜಾಗ ಸಿಗುವಂತಾಯಿತು.

ಆದರೆ ಕಂಪೈಲರ್ ಜಾಗ ಕೇಳಬಲ್ಲದು, ತಾನೇ ಹುಟ್ಟಿಸಲಾರದು. ಇಲ್ಲಿಂದ ಮುಂದಿನದು ಯುನಿಕ್ಸ್ ಕಥೆ. ಅದು ಓಡುತ್ತಿದ್ದ ಪಿಡಿಪಿ-11 ಯಂತ್ರದಲ್ಲಿ ಒಂದು ಪ್ರೋಗ್ರಾಮಿಗೆ ಕಾಣುತ್ತಿದ್ದದ್ದು ಬರೀ 64 ಕಿಲೋಬೈಟ್ ವಿಳಾಸಗಳು. ಡೇಟಾ ಕೆಳಗಿನಿಂದ ಮೇಲಕ್ಕೆ, ಸ್ಟ್ಯಾಕ್ ತುದಿಯಿಂದ ಕೆಳಕ್ಕೆ ಬೆಳೆಯುತ್ತಿದ್ದವು. 1975ರ ಆರನೇ ಆವೃತ್ತಿಯ ಯುನಿಕ್ಸಿನ ತಿರುಳಾದ ಕರ್ನಲ್, ಪ್ರೋಗ್ರಾಮಿನ ಸ್ಟ್ಯಾಕಿಗೆ ಮೊದಲು ಕೊಡುತ್ತಿದ್ದದ್ದು 64 ಬೈಟಿನ 20 ತುಂಡು, ಅಂದರೆ 1280 ಬೈಟ್. ಪ್ರೋಗ್ರಾಂ ಗಡಿ ದಾಟಿತೋ, ಯಂತ್ರವೇ ತಪ್ಪು ಹಿಡಿದು ಕರ್ನಲ್‌ಗೆ ದೂರು ಕೊಡುತ್ತದೆ. ಕರ್ನಲ್ ಆ ಪ್ರೋಗ್ರಾಮಿನ ಸ್ಟ್ಯಾಕ್ ಪಾಯಿಂಟರ್ ನೋಡುತ್ತದೆ. ಸ್ಟ್ಯಾಕ್ ನಿಜವಾಗಿ ಕೆಳಗಿಳಿದಿದ್ದರೆ ಜಾಗ ವಿಸ್ತರಿಸಿ, ಹಳೆಯದನ್ನು ಸರಿಸಿ, ಹೊಸದನ್ನು ಸೊನ್ನೆ ಮಾಡಿ, ಅರ್ಧಕ್ಕೆ ನಿಂತ ಆಜ್ಞೆಯನ್ನು ಮತ್ತೆ ಮೊದಲಿನಿಂದ ನಡೆಸುತ್ತದೆ. ಪ್ರೋಗ್ರಾಮಿಗೆ ಇದರ ಸುಳಿವೇ ಇರುವುದಿಲ್ಲ. ಹೀಗೆ ಜಾಗ ವಿಸ್ತರಿಸುವ ಫಂಕ್ಷನ್‌ನ ಹೆಸರು ‘ಗ್ರೋ’. ಈ ಆವೃತ್ತಿಯ ಕೋಡಿಗೆ ಆಸ್ಟ್ರೇಲಿಯಾದ ಜಾನ್ ಲಯನ್ಸ್ ಬರೆದ ವ್ಯಾಖ್ಯಾನದ ಜೆರಾಕ್ಸ್ ಪ್ರತಿಗಳಲ್ಲೇ ಎಷ್ಟೋ ಮಂದಿ ಅದನ್ನು ಓದಿದ್ದು. ಇಷ್ಟು ಚಿಕ್ಕ ಫಂಕ್ಷನ್ ಇಷ್ಟು ದೊಡ್ಡ ನೆಮ್ಮದಿ ಕೊಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಜಾಗವನ್ನೇನೋ ಕೊಟ್ಟರು, ಕಾವಲು ಹಾಕಲು ಮರೆತರು. 1988ರ ನವೆಂಬರಿನಲ್ಲಿ ಜಾಲದಲ್ಲಿ ತಾನೇ ಹರಡುವ ಮಾರಿಸ್ ವರ್ಮ್ ಎಂಬ ಪ್ರೋಗ್ರಾಂ ವ್ಯಾಕ್ಸ್ ಯಂತ್ರಗಳ ಫಿಂಗರ್ ಸೇವೆಯ 512 ಬೈಟಿನ ಬಫರ್‌ಗೆ 536 ಬೈಟ್ ತುರುಕಿ, ಸ್ಟ್ಯಾಕಿನಲ್ಲಿದ್ದ ಮರಳುವ ವಿಳಾಸವನ್ನೇ ಬದಲಿಸಿತು. ಸ್ಟ್ಯಾಕಿನಲ್ಲಿ ಕೋಡ್ ಓಡದಂತೆ ತಡೆ, ವಿಳಾಸಗಳ ಕಲಸುಮೇಲೋಗರ ಇವೆಲ್ಲ ಬಳಕೆಗೆ ಬಂದದ್ದು ಇನ್ನೂ ಎಷ್ಟೋ ವರ್ಷಗಳ ನಂತರ. ಲಿನಕ್ಸ್‌ನಲ್ಲಂತೂ ಸ್ಟ್ಯಾಕಿನ ಕೆಳಗೆ ಬಿಡುವ ಕಾವಲು ಅಂತರವನ್ನು 1 ಮೆಗಾಬೈಟಿಗೆ ಏರಿಸಲು 2017ರಲ್ಲಿ ‘ಸ್ಟ್ಯಾಕ್ ಕ್ಲ್ಯಾಶ್’ ದೋಷ ಬಯಲಾಗಬೇಕಾಯಿತು. ಇದನ್ನು ನಾನು ನಿಧಾನವೆನ್ನುವುದಿಲ್ಲ, ಉಡಾಫೆ ಎನ್ನುತ್ತೇನೆ.

ನಿಮ್ಮ ಹತ್ತಿರ ಲಿನಕ್ಸ್ ಯಂತ್ರವಿದ್ದರೆ ಟರ್ಮಿನಲ್‌ನಲ್ಲಿ ‘ಯುಲಿಮಿಟ್ -ಎಸ್’ ಆಜ್ಞೆ ಕೊಟ್ಟು ನೋಡಿ. ಸ್ಟ್ಯಾಕ್ ಎಷ್ಟರವರೆಗೆ ಬೆಳೆಯಬಹುದೆಂಬ ಮಿತಿ ಅದು; ಸಾಮಾನ್ಯವಾಗಿ 8192 ಎಂದು ಬರುತ್ತದೆ. ಲೆಕ್ಕ ಕಿಲೋಬೈಟಿನದು.